ಲಿನೋವೋ, ಮರವೋ, ತಗಡೋ, ಸ್ಕ್ರೀನೋ? ಪ್ರಿಂಟ್‌ಮೇಕಿಂಗ್ ಶುರು ಮಾಡುವ ಗಡಿನಾಡಿನವರಿಗೆ

ಕಾಸರಗೋಡಿನ ಓದುಗರಿಂದ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪ್ರಿಂಟ್‌ಮೇಕಿಂಗ್, ಅಂದರೆ ಹಲಗೆ, ತಗಡು, ಪರದೆಯ ಮೇಲೆ ಚಿತ್ರ ಮಾಡಿ ಅದರಿಂದ ಅಚ್ಚು ತೆಗೆಯುವ ಕಲೆ, ಕಲಿಯಬೇಕು, ಯಾವುದರಿಂದ ಶುರು ಮಾಡುವುದು? ಬದಿಯಡ್ಕ ಕಡೆಯ ಚಿತ್ರಕಲಾ ಮಾಸ್ಟ್ರಿಗೆ ಕ್ಲಾಸಿನ ನಲವತ್ತು ಮಕ್ಕಳೂ ಮಾಡಬಹುದಾದ್ದು ಬೇಕು. ಕುಂಬಳೆಯ ಹುಡುಗಿಯೊಬ್ಬಳು ಪೆನ್ನಿನಲ್ಲಿ ತುಂಬ ಸಣ್ಣ ಗೆರೆ ಎಳೆಯುತ್ತಾಳೆ. ಅವಳಿಗೆ ಆ್ಯಸಿಡ್‌ನಿಂದ ತಗಡಿನಲ್ಲಿ ಗೆರೆ ಕೊರೆಯುವ ಎಚಿಂಗ್ ಆಸೆ, ಆದರೆ ಆ್ಯಸಿಡ್ ಎಂದರೆ ಭಯ. ಉಪ್ಪಳದ ಗೆಳೆಯರಿಬ್ಬರಿಗೆ ಜಾತ್ರೆಗಳಲ್ಲಿ ಬಟ್ಟೆ ಚೀಲ, ಟೀ ಶರ್ಟ್ ಮಾರುವ ಯೋಚನೆ. ಇವರಿಗೆಲ್ಲ ಒಂದೇ ಉತ್ತರ ಕೊಟ್ಟರೆ ಯಾರಿಗೂ ಉಪಯೋಗ ಆಗುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬರೀ ಬೆಲೆ ನೋಡಿ ಆರಿಸಬೇಡಿ. ಯಾವುದು ದೊಡ್ಡ ಕಲೆ ಎನ್ನುತ್ತಾರೆ ಎಂದು ಕೇಳಿಯೂ ಆರಿಸಬೇಡಿ. ನಿಮ್ಮ ಕೈಗೆ ಎಂಥ ಗೆರೆ ಒಗ್ಗುತ್ತದೆ ಎಂದು ನೋಡಿ ಆರಿಸಿ. ದುಡ್ಡು ಕಡಿಮೆ ಇದ್ದರೆ ಏನಾದರೂ ಬದಲಿ ದಾರಿ ಸಿಗುತ್ತದೆ. ಗೆರೆಯೇ ಒಗ್ಗದಿದ್ದರೆ ಒಳ್ಳೆ ಸಾಮಾನು ತಂದರೂ ಆರು ತಿಂಗಳಲ್ಲಿ ಅದು ಅಟ್ಟ ಸೇರುತ್ತದೆ.

ಏನೇನು ನೋಡಬೇಕು

ಮೊದಲು ನಿಮ್ಮ ಸ್ಕೆಚ್ ಪುಸ್ತಕ ತೆಗೆದು ನೋಡಿ. ಅದರಲ್ಲಿ ಏನು ಜಾಸ್ತಿ ಇದೆ? ಕಪ್ಪು ಬಿಳುಪಿನ ದಪ್ಪ ಆಕಾರಗಳಿದ್ದರೆ ಲಿನೋ (ಉಳಿಯಿಂದ ಕೆತ್ತುವ ಲಿನೋಲಿಯಂ ಹಾಳೆ) ಅಥವಾ ಮರ ನಿಮಗೆ ಸುಲಭವಾಗಿ ಒಲಿಯುತ್ತದೆ. ಸಣ್ಣ ಗೆರೆಗಳ ಹೆಣಿಗೆ ಇದ್ದರೆ ತಗಡಿನ ಮೇಲಿನ ಕೆಲಸ, ಅಂದರೆ ಮೊನೆಯಿಂದ ನೇರ ಗೀಚುವ ಡ್ರೈಪಾಯಿಂಟ್ ಅಥವಾ ಎಚಿಂಗ್. ಹರವಾದ, ಗಾಢ ಬಣ್ಣ ಇದ್ದರೆ ಸ್ಕ್ರೀನ್, ಅಂದರೆ ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತುವುದು. ಪೆನ್ಸಿಲಿನ ಮಸುಕು ನೆರಳೇ ನಿಮ್ಮ ಪ್ರಾಣವಾಗಿದ್ದರೆ ಕಲ್ಲಚ್ಚು, ಅಂದರೆ ಲಿಥೋಗ್ರಫಿ. ಆದರೆ ಅದರ ಕಥೆ ಬೇರೆ, ಆಮೇಲೆ ಹೇಳುತ್ತೇನೆ.

ಆಮೇಲೆ ಎಷ್ಟು ಪ್ರತಿ ಬೇಕು ಎನ್ನುವ ಲೆಕ್ಕ. ಡ್ರೈಪಾಯಿಂಟ್‌ನಲ್ಲಿ ಹತ್ತು ಹದಿನೈದು ಒಳ್ಳೆ ಪ್ರತಿ ಬಂದರೆ ದೊಡ್ಡದು. ಲಿನೋದಲ್ಲಿ ನೂರು ಕಷ್ಟವಲ್ಲ. ಸ್ಕ್ರೀನ್‌ನಲ್ಲಿ ಸಾವಿರಕ್ಕೂ ತೊಂದರೆ ಇಲ್ಲ.

ಮೂರನೆಯದು ಪ್ರೆಸ್ ಬೇಕೋ ಬೇಡವೋ. ಲಿನೋ, ಮರ ಎರಡನ್ನೂ ಕೈಯಲ್ಲೇ ಉಜ್ಜಿ ತೆಗೆಯಬಹುದು. ಸ್ಕ್ರೀನಿಗೂ ಪ್ರೆಸ್ ಬೇಡ. ತಗಡಿನ ಕೆಲಸಕ್ಕೆ ಎರಡು ಉರುಳೆಯ ಒತ್ತು ಯಂತ್ರ ಬೇಕೇ ಬೇಕು, ಯಾಕೆಂದರೆ ಅಲ್ಲಿ ಇಂಕು ಗೀರಿನ ಒಳಗೆ ಕೂತಿರುತ್ತದೆ. ಒದ್ದೆ ಕಾಗದವನ್ನು ಆ ಗೀರಿನೊಳಗೆ ತಳ್ಳಿ ಇಂಕು ಎತ್ತಿಸಬೇಕು. ಆ ಭಾರ ಬರೀ ಕೈಗೆ ಬರುವುದಿಲ್ಲ.

ಅಕ್ಷರ ಇದೆಯಾ ಎಂದೂ ಕೇಳಿಕೊಳ್ಳಿ. ಸ್ಕ್ರೀನ್ ಬಿಟ್ಟರೆ ಇಲ್ಲಿ ಹೇಳುವ ಹೆಚ್ಚಿನ ವಿಧಾನಗಳಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಪೋಸ್ಟರ್ ಎಂದರೆ ಕನ್ನಡವೂ ಇರುತ್ತದೆ, ಮಲಯಾಳವೂ ಇರುತ್ತದೆ. ಎರಡೂ ದುಂಡು ಲಿಪಿಗಳು. ಒತ್ತಕ್ಷರಗಳನ್ನು ಹಿಂದುಮುಂದಾಗಿ ಕೆತ್ತುವುದು ತಾಳ್ಮೆಯ ಕೆಲಸ.

ಇನ್ನು ನಮ್ಮ ಹವೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಬೇರೆ ಕಡೆಯವರು ಬರೆದ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಎಣ್ಣೆ ಇಂಕು ಗಾಳಿಯ ಜೊತೆ ಸೇರಿ ಗಟ್ಟಿಯಾಗುವಂಥದ್ದು. ಜುಲೈ ತಿಂಗಳಲ್ಲಿ ಒಂದು ವಾರ ಕಳೆದರೂ ಮುಟ್ಟಿದರೆ ಅಂಟುತ್ತದೆ. ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಹೀಗಾಗಿ ಯಾವ ತಿಂಗಳಲ್ಲಿ ಶುರು ಮಾಡುತ್ತೀರಿ ಎನ್ನುವುದೂ ಆಯ್ಕೆಯ ಭಾಗವೇ.

ಮನೆಯಲ್ಲಿ ಮಕ್ಕಳಿದ್ದರೆ, ಬಾವಿ ಹತ್ತಿರವಿದ್ದರೆ, ರಾಸಾಯನಿಕಗಳ ವಿಷಯವನ್ನು ಬೆಲೆಗಿಂತ ಮೊದಲು ಯೋಚಿಸಿ.

ಲಿನೋಕಟ್

ಲಿನೋಲಿಯಂ ಹುಟ್ಟಿದ್ದು ನೆಲಕ್ಕೆ ಹಾಸಲು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅಗಸೆ ಎಣ್ಣೆಯನ್ನು ಗಟ್ಟಿ ಮಾಡಿ, ಕಾರ್ಕ್ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹರಡಿ ಇದನ್ನು ಮಾಡಿದರು. ಕಲಾವಿದರ ಕೈಗೆ ಬಂದದ್ದು ಆಮೇಲೆ. ನಮ್ಮ ದೇಶದಲ್ಲಿ ಇದರ ತಾಕತ್ತು ಗೊತ್ತಾಗಬೇಕಿದ್ದರೆ ನಂದಲಾಲ್ ಬೋಸ್ 1930ರಲ್ಲಿ ಮಾಡಿದ ದಂಡಿಯಾತ್ರೆಯ ಗಾಂಧಿ ಚಿತ್ರ ನೋಡಿ. ಕಪ್ಪು ಹಿನ್ನೆಲೆ, ಬಿಳಿ ಗೆರೆ, ಕೈಯಲ್ಲಿ ಕೋಲು, ಒಂದು ಹೆಜ್ಜೆ ಮುಂದೆ. ಅಷ್ಟೇ. ಬಂಗಾಳದ ಚಿತ್ತಪ್ರಸಾದ್ ರೈತರ, ಕೂಲಿಗಳ ಬದುಕನ್ನು ಜನರ ಕೈಗೆ ಮುಟ್ಟಿಸಲು ಆರಿಸಿಕೊಂಡದ್ದೂ ಲಿನೋವನ್ನೇ. ಅಗ್ಗ, ಬೇಗ ಆಗುತ್ತದೆ, ದೊಡ್ಡ ಯಂತ್ರದ ಹಂಗಿಲ್ಲ.

ಲಿನೋಕ್ಕೆ ಮರದ ಹಾಗೆ ನಾರಿಲ್ಲ. ಉಳಿ ಯಾವ ಕಡೆ ತಿರುಗಿಸಿದರೂ ಒಂದೇ ಸಮನೆ ಹೋಗುತ್ತದೆ. ಕನ್ನಡ ಅಕ್ಷರ ಕೆತ್ತುವವರಿಗೆ ಇದು ದೊಡ್ಡ ಅನುಕೂಲ. 'ಖ', 'ಭ', 'ಲ್ಲ' ಇಂಥವುಗಳ ಸುತ್ತು ಮರದಲ್ಲಿ ಅರ್ಧಕ್ಕೇ ಸಿಗಿದು ಹೋಗಬಹುದು. ಲಿನೋದಲ್ಲಿ ಉಳಿಯನ್ನು ಒಂದೇ ಕೋನದಲ್ಲಿ ಹಿಡಿದು, ಹಾಳೆಯನ್ನೇ ತಿರುಗಿಸುತ್ತಾ ಹೋದರೆ ಸಾಕು. ಅಕ್ಷರವನ್ನು ಟ್ರೇಸಿಂಗ್ ಪೇಪರಿನಲ್ಲಿ ಸರಿಯಾಗಿ ಬರೆದು, ಮಗುಚಿ ಹಾಕಿ, ಹಿಂದಿನಿಂದ ತಿದ್ದಿದರೆ ತಿರುಗಿದ ರೂಪ ತಾನಾಗಿ ಬರುತ್ತದೆ.

ಅಚ್ಚು ತೆಗೆಯುವಾಗ ಕಣ್ಣಿಗಿಂತ ಕಿವಿ ಮುಖ್ಯ. ಗಾಜಿನ ಮೇಲೆ ಸ್ವಲ್ಪ ಇಂಕು ಹಾಕಿ ರೋಲರ್ ಓಡಿಸಿ. ಇಂಕು ಜಾಸ್ತಿ ಆದರೆ ಪಚಪಚ ಸದ್ದು ಬರುತ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಕಾಣುತ್ತದೆ. ಹದಕ್ಕೆ ಬಂದಾಗ ಸದ್ದು ಸಣ್ಣಗಾಗಿ ಸರ್ರ್ ಎನ್ನುತ್ತದೆ. ಆಗ ಮಾತ್ರ ಬ್ಲಾಕಿಗೆ ಹಚ್ಚಿ. ತೆಳು ಕಾಗದ ಹಾಕಿ ಹಿಂದಿನಿಂದ ಉಜ್ಜಬೇಕು. ಜಪಾನಿನವರು ಇದಕ್ಕೆ ಬಾರೆನ್ ಎಂಬ ಸಾಧನ ಬಳಸುತ್ತಾರೆ. ನಾನು ನುಣ್ಣಗೆ ತಿಕ್ಕಿದ ತೆಂಗಿನ ಗೆರಟೆಯ ಬೆನ್ನು ಬಳಸುತ್ತೇನೆ. ಅಂಗೈಯಲ್ಲಿ ಚೆನ್ನಾಗಿ ಕೂರುತ್ತದೆ, ಕಾಗದ ಹರಿಯುವುದಿಲ್ಲ. ಸ್ಟೀಲ್ ಚಮಚವೂ ಆಗುತ್ತದೆ, ಆದರೆ ಬೇಗ ಬಿಸಿಯಾಗುತ್ತದೆ. ಒಂದು ಮೂಲೆ ಎತ್ತಿ ನೋಡಿ, ತೆಳುವಾಗಿದ್ದರೆ ಮತ್ತೆ ಮಲಗಿಸಿ ಉಜ್ಜಿ. ಈ ಅನುಕೂಲ ಯಾವ ಯಂತ್ರದಲ್ಲೂ ಇಲ್ಲ.

ಖರ್ಚು? ಲಿನೋ ಹಾಳೆ, ಕಲಿಕೆಯ ಉಳಿ ಸೆಟ್, ಒಂದು ರೋಲರ್, ಕಪ್ಪು ಇಂಕು, ಕಾಗದ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಶುರು ಮಾಡಬಹುದು. ಒಂದು ಉಪಾಯ ಹೇಳುತ್ತೇನೆ. ಕಲಾ ಸಾಮಗ್ರಿ ಅಂಗಡಿಯ ಸಣ್ಣ ಟ್ಯೂಬಿನ ಬದಲು ಆಫ್‌ಸೆಟ್ ಪ್ರೆಸ್ಸಿನವರು ಬಳಸುವ ಡಬ್ಬಿ ಇಂಕು ತನ್ನಿ. ಗಟ್ಟಿ ಅನಿಸಿದರೆ ಎರಡು ಹನಿ ಅಗಸೆ ಎಣ್ಣೆ ಬೆರೆಸಿ. ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ. ತೊಳೆಯಲು ಸೀಮೆಎಣ್ಣೆ, ಪೆಟ್ರೋಲು ಬೇಡ. ಮೊದಲು ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು ನೀರು.

ನೂರಿನ್ನೂರು ಪ್ರತಿ ಬೇಕಾದವರು ಪೇಟೆಯ ಹಳೆ ಪ್ರೆಸ್ಸುಗಳಲ್ಲಿ ವಿಚಾರಿಸಿ. ಮೊಳೆ (ಸೀಸದ ಅಕ್ಷರ) ಜೋಡಿಸುವ ಕಾಲದ ಟ್ರೆಡಲ್ ಮೆಷಿನ್ ಕೆಲವು ಕಡೆ ಇನ್ನೂ ಮೂಲೆಯಲ್ಲಿರುತ್ತದೆ. ಅದರ ಮೊಳೆಯ ಎತ್ತರ 0.918 ಇಂಚು, ಅಂದರೆ ಸುಮಾರು 23.3 ಮಿಲಿಮೀಟರ್. ಲಿನೋ ಮೂರು ಮಿಲಿಮೀಟರಿನಷ್ಟು ದಪ್ಪ. ಇಪ್ಪತ್ತು ಮಿಲಿಮೀಟರಿನ ಮರದ ತುಂಡಿಗೆ ಅದನ್ನು ಅಂಟಿಸಿ, ಅಡಿಗೆ ಒಂದೆರಡು ಕಾಗದ ಕೊಟ್ಟು ಎತ್ತರ ಸರಿಮಾಡಿದರೆ ಮೊಳೆಯ ಜೊತೆಗೇ ನಿಮ್ಮ ಚಿತ್ರ ಅಚ್ಚಾಗುತ್ತದೆ.

ಲಿನೋದ ಕೊರತೆಯೂ ಹೇಳಬೇಕಲ್ಲ. ತುಂಬ ಸಣ್ಣ ಗೆರೆ ನಿಲ್ಲುವುದಿಲ್ಲ, ಅಂಚು ಪುಡಿಯಾಗುತ್ತದೆ. ನಯವಾದ ನೆರಳು ಬರುವುದಿಲ್ಲ. ಹಳೆ ಹಾಳೆ ಒಣಗಿ ಗಟ್ಟಿಯಾಗಿರುತ್ತದೆ. ಕೆತ್ತುವ ಮೊದಲು ಐದು ನಿಮಿಷ ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಇಸ್ತ್ರಿಪೆಟ್ಟಿಗೆಯ ಸಣ್ಣ ಬಿಸಿ ಸಾಕು, ನಡುವೆ ಒಂದು ಬಟ್ಟೆ ಇರಲಿ.

ಮರ

ಮರದಚ್ಚು ಎಲ್ಲಕ್ಕಿಂತ ಹಳೆಯದು. ಚೀನಾದ ದುನ್‌ಹುವಾಂಗ್‌ನಲ್ಲಿ ಸಿಕ್ಕಿದ ವಜ್ರಸೂತ್ರದ ಸುರುಳಿಯಲ್ಲಿ 868ನೇ ಇಸವಿಯ ತಾರೀಖೇ ಇದೆ. ಇಡೀ ಪುಟವನ್ನು, ಬುದ್ಧನ ಚಿತ್ರವನ್ನೂ ಸೇರಿಸಿ, ಹಲಗೆಯಲ್ಲಿ ಕೆತ್ತಿ ತೆಗೆದದ್ದು. ಜರ್ಮನಿಯ ಡ್ಯೂರರ್, ಜಪಾನಿನ ಹೊಕುಸಾಯಿ ಇಬ್ಬರೂ ಮರದಚ್ಚಿನಿಂದಲೇ ಮನೆಮಾತಾದರು. ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ 1831ರ ಸುಮಾರಿನದು. ಚೆರ್ರಿ ಮರದ ಹಲಗೆಗಳಿಂದ ಅದರ ಸಾವಿರಾರು ಪ್ರತಿ ಹೋದವು.

ಲಿನೋ ಮತ್ತು ಮರದ ನಡುವೆ ಆರಿಸುವಾಗ ಕೇಳಬೇಕಾದದ್ದು ಇಷ್ಟೆ: ನಿಮಗೆ ಮರದ ನಾರು ಬೇಕಾ? ಹಲಗೆಯನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಮೆತ್ತಗಿನ ಭಾಗ ಹೋಗಿ ನಾರು ಎದ್ದು ಕಾಣುತ್ತದೆ. ಇಂಕು ಹಚ್ಚಿದರೆ ಆ ಗೆರೆಗಳೇ ಆಕಾಶವಾಗುತ್ತವೆ, ಸಮುದ್ರವಾಗುತ್ತವೆ. ಬೇಕಲದ ಕಡಲು ಬರೆಯುವವರಿಗೆ ಅರ್ಧ ಕೆಲಸ ಹಲಗೆಯೇ ಮಾಡಿಕೊಡುತ್ತದೆ. ತೆಯ್ಯಂ ಮುಖದ ಸೂಕ್ಷ್ಮ ಸುರುಳಿ ಬೇಕಾದವರಿಗೆ ಅದೇ ನಾರು ವೈರಿ. ಅವರು ಲಿನೋಕ್ಕೇ ಹೋಗಲಿ.

ಸಾಮಾನು ಸುಲಭ. ಮರದ ಮಿಲ್ಲಿನ ತುಂಡು ಹಲಗೆ, ಅಥವಾ ಒಳ್ಳೆ ಪ್ಲೈವುಡ್. ಉಳಿ ಮಾತ್ರ ಅಗ್ಗದ್ದು ಬೇಡ. ಮೊಂಡು ಉಳಿಯಿಂದಲೇ ಕೈಗೆ ಗಾಯ ಆಗುವುದು. ಊರಿನ ಆಚಾರಿಯ ಹತ್ತಿರ ಒಂದು ಮಧ್ಯಾಹ್ನ ಕೂತು ಉಳಿ ಮಸೆಯುವುದು ಕಲಿತುಕೊಳ್ಳಿ. ಆ ಪಾಠ ಯಾವ ವಿಡಿಯೋದಲ್ಲೂ ಅಷ್ಟು ಚೆನ್ನಾಗಿ ಸಿಗುವುದಿಲ್ಲ. ಮಳೆಗಾಲದಲ್ಲಿ ಹಲಗೆ ಬಾಗುತ್ತದೆ. ಎರಡು ಬದಿಗೂ ತೆಳುವಾಗಿ ವಾರ್ನಿಷ್ ಹಚ್ಚಿಟ್ಟರೆ ಅಷ್ಟು ಬಾಗುವುದಿಲ್ಲ.

ಡ್ರೈಪಾಯಿಂಟ್ ಮತ್ತು ಎಚಿಂಗ್

ಕುಂಬಳೆಯ ಹುಡುಗಿಗೆ ಈ ಭಾಗ. ಲಿನೋದಲ್ಲಿ ಉಬ್ಬಿದ ಜಾಗ ಅಚ್ಚಾದರೆ, ಇಲ್ಲಿ ತಗ್ಗಿದ ಜಾಗ ಅಚ್ಚಾಗುತ್ತದೆ. ಗೀರಿನೊಳಗೆ ಇಂಕು ತುಂಬಿ, ಮೇಲಿನದ್ದನ್ನು ಹತ್ತಿ ಬಟ್ಟೆಯಿಂದ ಒರೆಸಿ ತೆಗೆದು, ಒದ್ದೆ ಕಾಗದ ಹಾಕಿ ಒತ್ತುತ್ತಾರೆ.

ಡ್ರೈಪಾಯಿಂಟ್‌ನಲ್ಲಿ ಆ್ಯಸಿಡ್ ಇಲ್ಲವೇ ಇಲ್ಲ. ಮೊನೆಯಿಂದ ನೇರ ಗೀಚುವುದು. ಗೀಚಿದ ಬದಿಯಲ್ಲಿ ಒಂದು ಸಣ್ಣ ಅಂಚು ಏಳುತ್ತದೆ. ಇಂಕು ಅದರ ಕೆಳಗೂ ಸಿಕ್ಕಿಕೊಂಡು ಗೆರೆಯ ಪಕ್ಕ ಮಖಮಲ್ಲಿನಂಥ ಕಪ್ಪು ಬರುತ್ತದೆ. ಡ್ರೈಪಾಯಿಂಟ್‌ನ ಜೀವ ಅಲ್ಲೇ ಇದೆ. ಅದರ ಮಿತಿಯೂ ಅಲ್ಲೇ, ಯಾಕೆಂದರೆ ಪ್ರತಿ ಸಲ ಪ್ರೆಸ್ಸಿಗೆ ಹೋದಾಗ ಆ ಅಂಚು ಸವೆಯುತ್ತದೆ. ರೆಂಬ್ರಾಂಟ್ 1653ರಲ್ಲಿ ಮಾಡಿದ 'ಮೂರು ಶಿಲುಬೆಗಳು' ಚಿತ್ರವನ್ನು ಹೀಗೇ ಗೀಚಿದ್ದು. ಆಮೇಲೆ ಅದೇ ತಗಡನ್ನು ಎಷ್ಟು ತಿದ್ದಿದರೆಂದರೆ ಕೊನೆಯ ಹಂತದ ಪ್ರತಿಯಲ್ಲಿ ಅರ್ಧ ಜನ ಕತ್ತಲಲ್ಲಿ ಮುಳುಗಿಹೋದರು. ಸವೆತವನ್ನೇ ಹೊಸ ಚಿತ್ರ ಮಾಡಿಕೊಂಡ ಧೈರ್ಯ ಅದು.

ತಾಮ್ರದ ತಗಡು ದುಬಾರಿ. ಬೋರ್ಡು ಮಾಡುವ ಅಂಗಡಿಯಲ್ಲಿ ಉಳಿದ ಆಕ್ರಿಲಿಕ್ ಚೂರು ಕೇಳಿ ತನ್ನಿ, ಎರಡು ಮಿಲಿಮೀಟರ್ ದಪ್ಪ ಸಾಕು. ಅದರಡಿ ನಿಮ್ಮ ಸ್ಕೆಚ್ ಇಟ್ಟು ಮೇಲಿಂದ ಗೀಚಬಹುದು, ಅದೊಂದು ಅನುಕೂಲ. ಇನ್ನೂ ಕಡಿಮೆಯಲ್ಲಿ ಆಗಬೇಕಾ? ಹಾಲು, ಜ್ಯೂಸ್ ಬರುವ ರಟ್ಟಿನ ಡಬ್ಬಿ ಬಿಡಿಸಿ, ಒಳಗಿನ ಹೊಳೆಯುವ ಬದಿಯಲ್ಲಿ ಗೀಚಿ ನೋಡಿ. ಹತ್ತು ಪ್ರತಿ ಬರದಿದ್ದರೂ ಐದು ಬರುತ್ತದೆ.

ಪ್ರೆಸ್ಸೇ ಇಲ್ಲಿ ದೊಡ್ಡ ತೊಡಕು. ಮೇಜಿನ ಮೇಲಿಡುವ ಸಣ್ಣ ಎಚಿಂಗ್ ಪ್ರೆಸ್ಸಿಗೂ ಹತ್ತಾರು ಸಾವಿರ ಆಗುತ್ತದೆ. ಅಂಗೈ ಅಗಲದ ಚಿತ್ರ ಸಾಕು ಎನ್ನುವವರು ಪಾಸ್ತಾ ಹಾಳೆ ಮಾಡುವ ಕೈಯಂತ್ರದಲ್ಲಿ ತೆಗೆಯಬಹುದು. ಹಲವು ದೇಶಗಳಲ್ಲಿ ಹವ್ಯಾಸಿಗಳು ಹೀಗೆ ಮಾಡುತ್ತಾರೆ. ನಾಲ್ಕೈದು ಜನ ಸೇರಿ ಒಂದು ಪ್ರೆಸ್ ಮಾಡಿಸುವುದು ಇನ್ನೂ ಒಳ್ಳೆಯದು.

ಇನ್ನು ಎಚಿಂಗ್. ತಗಡಿಗೆ ಮೇಣದಂಥ ಲೇಪ ಹಚ್ಚಿ, ಲೇಪದ ಮೇಲೆ ಮಾತ್ರ ಗೀಚಿ, ತೆರೆದ ಗೆರೆಯನ್ನು ಆ್ಯಸಿಡ್‌ನಿಂದ ತಿನ್ನಿಸುವುದು. ಕೈ ಪೆನ್ನಿನಷ್ಟೇ ಹಗುರವಾಗಿ ಓಡುತ್ತದೆ. ಡ್ರೈಪಾಯಿಂಟ್‌ನಲ್ಲಿ ತಗಡು ಕೈಯನ್ನು ಹಿಡಿದೆಳೆಯುತ್ತದೆ, ಇಲ್ಲಿ ಅದಿಲ್ಲ. ಪೆನ್ನಿನಲ್ಲಿ ಬರೆಯುವವರಿಗೆ ಎಚಿಂಗ್ ಹಿಡಿಸುವುದು ಇದಕ್ಕೇ. ನೂರರ ಹತ್ತಿರ ಪ್ರತಿಯೂ ಬರುತ್ತದೆ.

ಹಳೆ ದಾರಿ ನೈಟ್ರಿಕ್ ಆ್ಯಸಿಡ್. ಅದು ತಗಡು ತಿನ್ನುವಾಗ ಕಂದು ಬಣ್ಣದ ಹೊಗೆ ಬರುತ್ತದೆ, ಶ್ವಾಸಕೋಶಕ್ಕೆ ವಿಷ. ಮನೆಯಲ್ಲಿ ಖಂಡಿತ ಬೇಡ. ಗಾಳಿಯಲ್ಲಿ ಬರುವ ವಿಷ ಏನು ಮಾಡುತ್ತದೆ ಎಂದು ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬದಲಿ ಎರಡಿವೆ. ತಾಮ್ರಕ್ಕೆ ಫೆರಿಕ್ ಕ್ಲೋರೈಡ್, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅಂಥ ಹೊಗೆ ಇಲ್ಲ, ಆದರೆ ಬಟ್ಟೆಗೆ, ನೆಲಕ್ಕೆ ಬಿದ್ದರೆ ಕಲೆ ಹೋಗುವುದಿಲ್ಲ. ಗೆರೆ ಮಾತ್ರ ಬಹಳ ಚೊಕ್ಕ.

ಇನ್ನೊಂದು ನಮ್ಮ ಅಡಿಕೆ ತೋಟದ ಕೊಟ್ಟಿಗೆಯಲ್ಲೇ ಇದೆ, ಮೈಲುತುತ್ತು (ಕಾಪರ್ ಸಲ್ಫೇಟ್)! ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬಿಡುವ ಅದೇ ತುತ್ತು, ಅಡುಗೆ ಉಪ್ಪಿನ ಜೊತೆ ನೀರಲ್ಲಿ ಕರಗಿಸಿದರೆ ಸತುವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ತುತ್ತು, 50 ಗ್ರಾಂ ಉಪ್ಪು. ಪ್ಲಾಸ್ಟಿಕ್ ತಟ್ಟೆಯಲ್ಲಿ ಮಾಡಿ, ಲೋಹದ ಪಾತ್ರೆ ಬೇಡ. ತಗಡು ಮುಳುಗಿಸಿದ ಸ್ವಲ್ಪ ಹೊತ್ತಿಗೆ ಗೆರೆಗಳ ಮೇಲೆ ಕೆಂಪು ತಾಮ್ರದ ಗಷ್ಟು ಕೂರುತ್ತದೆ. ಅದನ್ನು ಕೋಳಿ ಗರಿಯಿಂದ ಮೆಲ್ಲಗೆ ಸರಿಸುತ್ತಾ ಇರಬೇಕು, ಇಲ್ಲದಿದ್ದರೆ ತಿನ್ನುವುದು ನಿಲ್ಲುತ್ತದೆ. ದ್ರಾವಣದ ಬಣ್ಣ ಪೂರ್ತಿ ಬಿಳಿಚಿದರೆ ಅದರ ಶಕ್ತಿ ಮುಗಿಯಿತು ಎಂದು ಲೆಕ್ಕ.

ಅಲ್ಯೂಮಿನಿಯಂ ಎಲ್ಲಿಂದ? ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಳಸಿ ಬಿಸಾಡುವ ಪ್ಲೇಟುಗಳು ಅಲ್ಯೂಮಿನಿಯಮ್ಮೇ. ಗುಜರಿ ಬೆಲೆಗೆ ಸಿಗುತ್ತವೆ. ಹಿಂಬದಿ ಬಳಸಿ, ಇನ್ನೊಂದು ಬದಿಗೆ ಪ್ಯಾಕಿಂಗ್ ಟೇಪು ಅಂಟಿಸಿ.

ತುತ್ತು ಮನೆಯಲ್ಲಿದೆ ಎಂದು ಸದರ ಬೇಡ. ಅಲ್ಯೂಮಿನಿಯಂ ಜೊತೆ ಸೇರಿದಾಗ ದ್ರಾವಣ ಬಿಸಿಯಾಗುತ್ತದೆ, ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತದೆ. ಜಗಲಿಯಲ್ಲಿ, ಗಾಳಿಯಾಡುವಲ್ಲಿ ಮಾಡಿ. ಹತ್ತಿರ ಬೆಂಕಿ ಬೇಡ. ಕೈಗವಸು, ಕನ್ನಡಕ ಹಾಕಿ. ಮುಗಿದ ದ್ರಾವಣವನ್ನು ತೋಡಿಗೆ ಚೆಲ್ಲಬೇಡಿ, ತಾಮ್ರ ಮೀನಿಗೆ ಆಗುವುದಿಲ್ಲ. ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ನೊರೆ ನಿಂತ ಮೇಲೆ ಗಷ್ಟು ತಳಕ್ಕೆ ಕೂರಲು ಬಿಡಿ. ಗಷ್ಟನ್ನು ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡಿ.

ಗುಣದಲ್ಲಿ ವ್ಯತ್ಯಾಸ ಇದೆ. ತುತ್ತಿನಲ್ಲಿ ತಿಂದ ಅಲ್ಯೂಮಿನಿಯಂ ಗೆರೆ ಸ್ವಲ್ಪ ಒರಟು. ತೆರೆದು ಬಿಟ್ಟ ಜಾಗ ಮರಳು ಮರಳಾಗಿ ತಿನ್ನಿಸಿಕೊಂಡು ತಾನೇ ಬೂದು ನೆರಳು ಹಿಡಿಯುತ್ತದೆ. ಹಳೆ ಗೋಡೆ, ಮೋಡ, ಬಂಡೆ ಬರೆಯುವವರಿಗೆ ಅದು ವರ. ತೀರಾ ಸಣ್ಣ ಗೆರೆಯೇ ಮುಖ್ಯ ಎನ್ನುವವರು ಖರ್ಚಾದರೂ ತಾಮ್ರಕ್ಕೆ ಹೋಗಲಿ.

ತಗಡಿನ ದಾರಿ ಎಷ್ಟು ದೂರ ಹೋಗಬಹುದು ಎಂದು ತಿಳಿಯಬೇಕಾದರೆ ಕೃಷ್ಣ ರೆಡ್ಡಿಯವರ ಕೆಲಸ ಹುಡುಕಿ ನೋಡಿ. ನಮ್ಮಂತೆಯೇ ಗಡಿಯ ಜಿಲ್ಲೆ ಚಿತ್ತೂರಿನಲ್ಲಿ ಹುಟ್ಟಿದವರು. ಶಾಂತಿನಿಕೇತನದಲ್ಲಿ ಓದಿ, ಪ್ಯಾರಿಸ್ಸಿನ ಪ್ರಿಂಟ್‌ಮೇಕಿಂಗ್ ಸ್ಟುಡಿಯೋ ಅಟೆಲಿಯೆ 17ರಲ್ಲಿ ಸೇರಿಕೊಂಡರು. ಒಂದೇ ತಗಡಿನ ಬೇರೆ ಬೇರೆ ಆಳಗಳಿಗೆ, ಗಟ್ಟಿ ಮತ್ತು ಮೆತ್ತಗಿನ ರೋಲರುಗಳಿಂದ, ಎಣ್ಣೆಯ ಹದ ಬದಲಿಸಿದ ಬಣ್ಣಗಳನ್ನು ಹಚ್ಚಿ ಒಂದೇ ಸಲಕ್ಕೆ ಬಹುಬಣ್ಣದ ಚಿತ್ರ ತೆಗೆಯುವ ವಿಧಾನ ಅಲ್ಲಿ ಬೆಳೆಯಿತು. ಅದರಲ್ಲಿ ಅವರ ಪಾಲು ದೊಡ್ಡದು.

ಸ್ಕ್ರೀನ್

ಉಪ್ಪಳದ ಗೆಳೆಯರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ. ಬಟ್ಟೆ, ಬಣ್ಣ, ಅಕ್ಷರ, ನೂರಾರು ಪ್ರತಿ: ಈ ನಾಲ್ಕೂ ಒಟ್ಟಿಗೆ ಬೇಕಾದರೆ ಸ್ಕ್ರೀನೇ. ಅಕ್ಷರ ತಿರುಗಿ ಬರುವ ತೊಂದರೆ ಇಲ್ಲಿಲ್ಲ. ಜಪಾನಿನವರು ಕಾಗದದ ಕೊರೆಯಚ್ಚಿನಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದುದು ಇದರ ಹಳೆ ನೆಂಟ. 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಪರದೆಯ ವಿಧಾನಕ್ಕೆ ಪೇಟೆಂಟ್ ಪಡೆದರು. 1960ರ ದಶಕದಲ್ಲಿ ಆ್ಯಂಡಿ ವಾರ್ಹಾಲ್ ಇದನ್ನೇ ಗ್ಯಾಲರಿಯೊಳಗೆ ತಂದರು.

ಬಟ್ಟೆಗೆ ಇಂಚಿಗೆ 110ರಿಂದ 160 ಎಳೆಯ ಮೆಶ್ (ಜಾಲರಿ ಬಟ್ಟೆ), ಕಾಗದಕ್ಕೆ 230ರ ಮೇಲಿನದು ತೆಗೆದುಕೊಳ್ಳಿ. ಅಂಗಡಿಯವರು ಸೆಂಟಿಮೀಟರ್ ಲೆಕ್ಕದಲ್ಲಿ ನಂಬರ್ ಹೇಳಬಹುದು, ಕೇಳಿ ಖಚಿತ ಮಾಡಿಕೊಳ್ಳಿ. ಮನೆಯಲ್ಲಿ ಒಂದು ಬಣ್ಣದ ವ್ಯವಸ್ಥೆಗೆ ಮೂರರಿಂದ ಐದು ಸಾವಿರ ಹಿಡಿದುಕೊಳ್ಳಿ. ಬಣ್ಣ ಹೆಚ್ಚಿದಷ್ಟೂ ಸ್ಕ್ರೀನ್ ಹೆಚ್ಚುತ್ತದೆ, ಒಂದರ ಮೇಲೊಂದು ಸರಿಯಾಗಿ ಕೂರಿಸುವ ತಲೆನೋವೂ ಹೆಚ್ಚುತ್ತದೆ. ಶುರುವಿಗೆ ಎರಡು ಬಣ್ಣ ಸಾಕು.

ನಮ್ಮ ಊರಿನ ಪೇಚು ಒಂದಿದೆ. ಎಮಲ್ಶನ್, ಅಂದರೆ ಬೆಳಕಿಗೆ ಗಟ್ಟಿಯಾಗುವ ಲೇಪ, ಹಚ್ಚಿದ ಸ್ಕ್ರೀನಿನ ಮೇಲೆ ಚಿತ್ರವಿರುವ ಪಾರದರ್ಶಕ ಹಾಳೆ (ಫಿಲ್ಮ್) ಇಟ್ಟು, ಬೆಳಕಿಗೆ ಹಿಡಿದು ಚಿತ್ರ ಮೂಡಿಸಬೇಕು. ಆಮೇಲೆ ಜೋರು ನೀರಿನಲ್ಲಿ ತೊಳೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಬೇಕಾದಷ್ಟು, ಬಾವಿಯಲ್ಲಿ ನೀರಿಲ್ಲ. ಜುಲೈಯಲ್ಲಿ ನೀರು ಬೇಕಾದಷ್ಟು, ಬಿಸಿಲಿಲ್ಲ. ಅಕ್ಟೋಬರಿನಲ್ಲಿ ಎರಡೂ ಇರುತ್ತದೆ. ಜಾತ್ರೆಯ ಲೆಕ್ಕಕ್ಕೂ ಅದೇ ಸರಿ: ದೀಪಾವಳಿ ಕಳೆದು ಶುರುವಾದ ಉತ್ಸವ, ಯಕ್ಷಗಾನದ ಆಟ, ಭೂತಕೋಲ ಎಲ್ಲ ಮೇ ಕೊನೆಯ ಪತ್ತನಾಜೆಯ ತನಕ. ಅಕ್ಟೋಬರಿನಲ್ಲೇ ಸ್ಕ್ರೀನುಗಳನ್ನು ಮಾಡಿಟ್ಟರೆ ಇಡೀ ಸೀಸನ್ ಬಳಸಬಹುದು.

ಕಲೆಯ ದೃಷ್ಟಿಯಿಂದ ಸ್ಕ್ರೀನ್ ಕೊಡದ ಒಂದು ಸಂಗತಿ ಇದೆ. ಉಳಿಯೋ ಮೊನೆಯೋ ವಸ್ತುವಿನ ಜೊತೆ ಸೆಣಸಿದ ಗುರುತು ಅಲ್ಲಿ ಕಾಣುವುದಿಲ್ಲ. ಕಂಪ್ಯೂಟರಿನ ಚಿತ್ರವನ್ನೇ ಫಿಲ್ಮ್ ತೆಗೆದು ಹಾಕಿದರೆ ಅದು ಬರೀ ನಕಲು. ಫಿಲ್ಮಿನ ಮೇಲೆ ಬ್ರಷ್‌ನಿಂದ ನೇರ ಬರೆಯಿರಿ, ಅಥವಾ ಕಾಗದ ಕತ್ತರಿಸಿ ಸ್ಕ್ರೀನಿನ ಅಡಿಗೆ ಇಡಿ. ಕಾಗದದ ದಾರಿಗೆ ಎಮಲ್ಶನ್ನೂ ಬೇಡ, ಬಿಸಿಲೂ ಬೇಡ. ಇಪ್ಪತ್ತು ಮೂವತ್ತು ಚೀಲಕ್ಕೆ ಅದೇ ಸಾಕು.

ಕಲ್ಲಚ್ಚು

ಮನಸ್ಸು ಹೆಚ್ಚು ಎಳೆಯುವುದು ಇದಕ್ಕೇ. ಆದರೂ ಹೊಸಬರಿಗೆ ಬೇಡ ಎನ್ನುತ್ತೇನೆ. ಎಣ್ಣೆ ನೀರು ಒಂದಕ್ಕೊಂದು ಸೇರುವುದಿಲ್ಲ, ಕಲ್ಲಚ್ಚು ನಿಂತಿರುವುದೇ ಅದರ ಮೇಲೆ. 1796ರಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದದ್ದು. ಜಿಡ್ಡಿನ ಕಡ್ಡಿಯಿಂದ ಸುಣ್ಣಕಲ್ಲಿನ ಮೇಲೆ ಬರೆದರೆ ಆ ಜಾಗ ಇಂಕು ಹಿಡಿಯುತ್ತದೆ, ಒದ್ದೆ ಜಾಗ ಬಿಡುತ್ತದೆ. ಪೆನ್ಸಿಲಿನ ಎಲ್ಲ ನೆರಳೂ ಹಾಗೇ ಬರುತ್ತದೆ.

ಕಾಸರಗೋಡಿನ ಎರಡೂ ಬದಿಯಲ್ಲಿ ಈ ಕಲ್ಲಚ್ಚು ಇತಿಹಾಸ ಮಾಡಿದೆ. ಉತ್ತರಕ್ಕೆ ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಶನ್ನಿನವರು ಕಲ್ಲಚ್ಚಿನ ಪ್ರೆಸ್ ತಂದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಿನಲ್ಲೇ. ದಕ್ಷಿಣಕ್ಕೆ ತಲಶ್ಶೇರಿಯ ಇಲ್ಲಿಕ್ಕುನ್ನಿನಿಂದ 1847ರಲ್ಲಿ ಅದೇ ಮಿಶನ್ನಿನ ಗುಂಡರ್ಟ್ ಮಲಯಾಳದ 'ರಾಜ್ಯಸಮಾಚಾರಂ' ತಂದದ್ದೂ ಕಲ್ಲಚ್ಚಿನಲ್ಲೇ. ದುಂಡು ಅಕ್ಷರಕ್ಕೆ ಸೀಸದ ಮೊಳೆ ಎರಕ ಹೊಯ್ಯುವುದು ಕಷ್ಟವಿದ್ದ ಕಾಲದಲ್ಲಿ ಕೈಬರಹವನ್ನೇ ಅಚ್ಚು ಮಾಡುವ ಸೌಕರ್ಯ ಅದು. ನಮ್ಮ ಎರಡು ಭಾಷೆಗಳ ಪತ್ರಿಕೆಗಳೂ ಕಲ್ಲಿನ ಮೇಲೆಯೇ ಕಣ್ಣು ಬಿಟ್ಟವು.

ಹಳೆ ಮನೆಗಳ ದೇವರಕೋಣೆಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಇದ್ದರೆ ಒಂದು ಲೆನ್ಸ್ ಹಿಡಿದು ನೋಡಿ. ಚುಕ್ಕಿಗಳು ಸಾಲಾಗಿಲ್ಲದೆ ದೊಡ್ಡದು ಚಿಕ್ಕದು ಬೆರೆತಿದ್ದರೆ ಅದು ಕಲ್ಲಿನ ಮೇಲೆ ಕೈಯಲ್ಲಿ ಹಾಕಿದ ಚುಕ್ಕಿ, ಬಣ್ಣಕ್ಕೊಂದು ಕಲ್ಲು. ಸಾಲು ಸಾಲು ಚುಕ್ಕಿ ಕಂಡರೆ ಈಚಿನ ಆಫ್‌ಸೆಟ್. ರವಿವರ್ಮ ತಮ್ಮ ಪ್ರೆಸ್ಸನ್ನು ಮುಂಬೈಯಲ್ಲಿ ಶುರು ಮಾಡಿದ್ದು 1894ರಲ್ಲಿ. ಅಂಥ ಹಳೆ ಚಿತ್ರ ಮನೆಯಲ್ಲಿದ್ದರೆ ಮಳೆಗಾಲದಲ್ಲಿ ಒದ್ದೆ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಿ.

ಆದರೆ ಹೊಸದಾಗಿ ಮಾಡಲು ಕಲ್ಲು ಬವೇರಿಯಾದಿಂದ ಬರಬೇಕು. ಅದರ ಭಾರ ಹೊರಬೇಕು, ಅದಕ್ಕೆಂದೇ ಮಾಡಿದ ಪ್ರೆಸ್ ಬೇಕು. ಆಸೆ ತಡೆಯಲಾರದವರು ಫ್ರಾನ್ಸಿನ ಕಲಾವಿದೆಯೊಬ್ಬರು ಹತ್ತಾರು ವರ್ಷದ ಹಿಂದೆ ತೋರಿಸಿದ ಅಡುಗೆಮನೆ ಲಿಥೋ ಮಾಡಿ ನೋಡಬಹುದು: ಅಲ್ಯೂಮಿನಿಯಂ ಫಾಯಿಲ್ ಮೇಲೆ ಜಿಡ್ಡಿನಿಂದ ಬರೆದು, ಕೋಲಾ ಸುರಿದು, ತೊಳೆದು ಇಂಕು ಹಚ್ಚುವುದು. ನಾಲ್ಕಾರು ಪ್ರತಿ ಬರುತ್ತದೆ. ಕಲ್ಲಿನ ಆಳ ಬರುವುದಿಲ್ಲ.

ಯಾರಿಗೆ ಯಾವುದು

ಮಾಸ್ಟ್ರೇ, ಐದನೆಯ ಕ್ಲಾಸಿನ ತನಕ ಉಳಿ ಬೇಡ. ಥರ್ಮಾಕೋಲ್ ತಟ್ಟೆಯ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಗೆರೆ ತಗ್ಗಾಗುತ್ತದೆ, ಅದಕ್ಕೆ ಇಂಕು ಹಚ್ಚಿ ಒತ್ತಬಹುದು. ಬಾಳೆದಿಂಡು, ಎಲೆಗಳನ್ನು ನೇರವಾಗಿ ಒತ್ತುವುದನ್ನೂ ಸೇರಿಸಿಕೊಳ್ಳಿ. ಎಂಟನೆಯ ಕ್ಲಾಸಿನವರಿಗೆ ಲಿನೋ ಕೊಡಿ, ಆದರೆ ಮೇಜಿನ ಅಂಚಿಗೆ ಸಿಕ್ಕಿಸುವ ಮರದ ಅಡ್ಡಪಟ್ಟಿ ಪ್ರತಿಯೊಬ್ಬರಿಗೂ ಇರಲಿ. ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು. ಇಂಕು ನೀರಿನದ್ದೇ ಇರಲಿ. ಮಳೆಗಾಲದಲ್ಲಿ ನೀರಿನ ಇಂಕು ಎಣ್ಣೆಯದಕ್ಕಿಂತ ಎಷ್ಟೋ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ರೋಲರಿನ ಮೇಲೇ ಒಣಗಿಬಿಡುತ್ತದೆ. ಆದ್ದರಿಂದ ಶಾಲೆ ತೆರೆದ ಜೂನ್ ತಿಂಗಳೇ ಇದಕ್ಕೆ ಒಳ್ಳೆಯದು.

ಕುಂಬಳೆಯ ತಂಗಿ, ನೀನು ಆಕ್ರಿಲಿಕ್ ಚೂರಿನಲ್ಲಿ ಡ್ರೈಪಾಯಿಂಟ್ ಶುರು ಮಾಡು. ಮೊನೆ ನಿನ್ನ ಗೆರೆಯನ್ನು ಒರಟು ಮಾಡುತ್ತದೆ ಅನಿಸಿದರೆ ಆಗ ಎಚಿಂಗ್‌ಗೆ ಹೋಗು, ಮೊದಲು ತುತ್ತು, ಆಮೇಲೆ ತಾಮ್ರ. ಎಚಿಂಗ್ ದೊಡ್ಡದು ಎಂದು ಯಾರೋ ಹೇಳಿದ್ದಕ್ಕೆ ಹೋಗಬೇಡ.

ಏನೂ ತಿಳಿಯದೆ, ಸುಮ್ನೆ ಒಮ್ಮೆ ಕೈ ಹಾಕಿ ನೋಡಬೇಕು ಎನ್ನುವವರಿಗೆ ಲಿನೋ. ಅಂಗೈ ಅಗಲದ ಹಾಳೆ, ಒಂದೇ ಬಣ್ಣ.

ದೊಡ್ಡ ಪ್ರೆಸ್ಸಿನಲ್ಲಿ ಕೆಲಸ ಮಾಡಿ ನೋಡಬೇಕಾದರೆ ಊರು ಬಿಡಬೇಕಾಗುತ್ತದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜುಗಳಲ್ಲಿ ಗ್ರಾಫಿಕ್ಸ್ (ಅಲ್ಲಿ ಪ್ರಿಂಟ್‌ಮೇಕಿಂಗಿಗೆ ಇದೇ ಹೆಸರು) ವಿಭಾಗ ಇದೆ. ಚೆನ್ನೈಯ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರದಲ್ಲಿ ಗ್ರಾಫಿಕ್ಸ್ ಸ್ಟುಡಿಯೋ ಇದೆ. ಕಾಸರಗೋಡಿನಿಂದ ಮಂಗಳೂರು ಮೈಲ್ ಹತ್ತಿದರೆ ಬೆಳಗ್ಗೆ ಚೆನ್ನೈ. ಹೊರಡುವ ಮೊದಲು ಫೋನ್ ಮಾಡಿ, ಹೊರಗಿನವರಿಗೆ ಯಾವಾಗ ಜಾಗ ಸಿಗುತ್ತದೆ, ದಿನಕ್ಕೆ ಎಷ್ಟು ಎಂದು ಕೇಳಿಕೊಳ್ಳಿ. ಖಾಲಿ ಕೈಯಲ್ಲಿ ಹೋಗಬೇಡಿ. ಮನೆಯಲ್ಲೇ ಗೀಚಿದ ನಾಲ್ಕು ಪ್ಲೇಟು, ಕೆತ್ತಿದ ಒಂದೆರಡು ಬ್ಲಾಕು ಚೀಲದಲ್ಲಿರಲಿ. ಅಲ್ಲಿನ ಸಮಯವೆಲ್ಲ ಅಚ್ಚು ತೆಗೆಯುವುದಕ್ಕೇ ಸಿಗುತ್ತದೆ.